ಎರಡು ವರ್ಷ ಮಾರಾಟವಾಗದ ನೇಗಿಲು

ಫಸ್ಟ್ ಇಯರ್‌ನಲ್ಲಿ ವರ್ಕ್‌ಶಾಪ್ ಲ್ಯಾಬ್ ಇದ್ದಾಗ ನಮ್ಮ ಬ್ಯಾಚಿಗೆ ಸಿಕ್ಕಿದ ಲೇಥ್ ನೆನಪಿದೆಯಾ? ಕಿಟಕಿ ಪಕ್ಕದ್ದು, ಹಸಿರು ಬಣ್ಣ ಅರ್ಧ ಕಿತ್ತುಹೋಗಿರೋದು. ಅದರ ಮೇಲೆ ಕಿರ್ಲೋಸ್ಕರ್, ಹರಿಹರ ಅಂತ ಬರೆದಿದೆ. ಎಲ್ಲರೂ ಅದನ್ನು ಬೈದುಕೊಂಡೇ ಟೇಪರ್ ಟರ್ನಿಂಗ್ ಮಾಡಿದೆವು. ನನಗೆ ಮಾತ್ರ ಅದನ್ನು ನೋಡಿದಾಗ ಮನೆ ನೆನಪಾಯಿತು. ರಾಣೆಬೆನ್ನೂರಿನಲ್ಲಿ ನಮ್ಮ ಅಪ್ಪನ ಚಿಕ್ಕ ವರ್ಕ್‌ಶಾಪಿನಲ್ಲಿ ಅದೇ ಕಂಪನಿಯ ಲೇಥ್ ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಟ್ರ್ಯಾಕ್ಟರ್ ಪಿನ್ನು, ಬುಷ್, ಪಂಪಿನ ಶಾಫ್ಟು, ಬಂದದ್ದೆಲ್ಲ ಅದರ ಮೇಲೇ ಆಗಬೇಕು.

ಕಳೆದ ಒಂದು ವರ್ಷದಿಂದ ಅಪ್ಪ ಒಂದೇ ವಿಷಯ ಯೋಚನೆ ಮಾಡ್ತಿದ್ದಾರೆ. ಲೇಥ್ ಮಾರಿ, ಸಾಲ ಮಾಡಿ ಸಿಎನ್‌ಸಿ ಹಾಕಬೇಕೋ, ಅಥವಾ ಇದ್ದದ್ದರಲ್ಲೇ ನಡೆಸಿಕೊಂಡು ಹೋಗಬೇಕೋ. ರಾತ್ರಿ ಊಟ ಆದಮೇಲೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಬರೆಯುತ್ತಾರೆ. ಬೆಳಿಗ್ಗೆ ಅದನ್ನು ಹರಿದು ಹಾಕುತ್ತಾರೆ. ಅಮ್ಮ ಯಾವುದಾದರೂ ಒಂದು ಮಾಡ್ರಿ ಅಂತಾರೆ. ನಾನು ರಜೆಗೆ ಹೋದಾಗ ಇಂಜಿನಿಯರಿಂಗ್ ಓದುತ್ತಿರುವ ಮಗ ಅಂತ ನನ್ನನ್ನೂ ಕೇಳಿದರು. ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ಅದಕ್ಕೇ ಆ ಲೇಥಿನ ಮೇಲಿನ ಹೆಸರಿನ ಹಿಂದೆ ಹೋದೆ. ಇಂಥ ಜನ ಇಂಥ ಸಮಯದಲ್ಲಿ ಹೇಗೆ ತೀರ್ಮಾನ ತಗೊಂಡರು ಅಂತ ನೋಡೋಣ ಅನ್ನಿಸಿತು.

(ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರಗಳನ್ನು ಸಂಪಾದಕ ಬಳಗದ ಸೀನಿಯರ್‌ಗಳು ಸರಿ ಮಾಡಿದ್ದಾರೆ. ಉಳಿದ ತಪ್ಪುಗಳು ನನ್ನವು.)

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನಾನು ಇವರನ್ನು ಪುಣೆಯವರು ಅಂದುಕೊಂಡಿದ್ದೆ. ಮರಾಠಿ ಸಂಗೀತ ನಾಟಕ ಶುರು ಮಾಡಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಕೂಡ ಇದೇ ಊರಿನಲ್ಲಿ ಹುಟ್ಟಿದವರು. ಒಂದು ಚಿಕ್ಕ ಊರಿಂದ ಒಬ್ಬರು ನಾಟಕಕ್ಕೆ, ಒಬ್ಬರು ನೇಗಿಲಿಗೆ!

ಲಕ್ಷ್ಮಣರಾಯರ ತಂದೆ ಕಾಶಿನಾಥಪಂತರು ವೇದಾಂತ ಬಲ್ಲವರು. ಮಗನಿಗೆ ಪಾಠದ ಪುಸ್ತಕ ಹಿಡಿಸಲಿಲ್ಲ. ಚಿತ್ರ ಬಿಡಿಸೋದು, ಯಂತ್ರಗಳನ್ನು ಬಿಚ್ಚಿ ನೋಡೋದು, ಇವೆರಡೇ ಆಸಕ್ತಿ. ಅಣ್ಣ ರಾಮುಅಣ್ಣನ ಬೆಂಬಲದಿಂದ ಮುಂಬೈಗೆ ಹೋಗಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಚಿತ್ರಕಾರ ಆಗಬೇಕು ಅನ್ನೋದು ಆಸೆ. ಎರಡು ವರ್ಷ ಆದಮೇಲೆ ಗೊತ್ತಾಯಿತು, ಅವರಿಗೆ ಕೆಲವು ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣೋದಿಲ್ಲ. ಪೇಂಟರ್ ಆಗಬೇಕಾದವರಿಗೆ ಇದಕ್ಕಿಂತ ದೊಡ್ಡ ಹೊಡೆತ ಇಲ್ಲ. ನಾನಾಗಿದ್ದರೆ ಊರಿಗೆ ಬಂದು ಒಂದು ಆರು ತಿಂಗಳು ಮನೆಯಲ್ಲೇ ಬಿದ್ದಿರುತ್ತಿದ್ದೆ. ಅವರು ಬಣ್ಣ ಬೇಡದ ಚಿತ್ರ ಯಾವುದು ಅಂತ ನೋಡಿದರು. ಮೆಕ್ಯಾನಿಕಲ್ ಡ್ರಾಯಿಂಗ್! ಅದರಲ್ಲಿ ಇರೋದು ಕಪ್ಪು ಗೆರೆ, ಬಿಳಿ ಹಾಳೆ ಅಷ್ಟೇ. ಅದನ್ನು ಕಲಿತರು. ಹೊಸದಾಗಿ ಶುರುವಾಗಿದ್ದ ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ (ಈಗಿನ ವಿಜೆಟಿಐ) ಅದನ್ನೇ ಕಲಿಸುವ ಮೇಷ್ಟ್ರಾದರು. ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಪ್ರೊಜೆಕ್ಷನ್ ತಪ್ಪಾದಾಗಲೆಲ್ಲ ನಾನು ಇವರನ್ನು ನೆನೆಸಿಕೊಳ್ಳುತ್ತೇನೆ.

ಪಾಠ ಮುಗಿದ ಮೇಲೆ ಅಲ್ಲಿನ ವರ್ಕ್‌ಶಾಪಿನಲ್ಲೇ ಇದ್ದು ಯಂತ್ರಗಳನ್ನು ನೋಡಿ ನೋಡಿ ಕಲಿತರು. ಡಿಗ್ರಿ ಅಂತ ಏನೂ ಇರಲಿಲ್ಲ. ನೌಕರಿ ಮಾಡುತ್ತಿದ್ದಾಗಲೇ ಅಣ್ಣ ತಮ್ಮ ಸೇರಿ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ಶುರು ಮಾಡಿದರು. ಕಿರ್ಲೋಸ್ಕರ್ ಬ್ರದರ್ಸ್ ಅಂತ ಬೋರ್ಡು. ಇವತ್ತಿಗೂ ಆ ಕಂಪನಿಯವರು ತಮ್ಮ ಹುಟ್ಟಿದ ವರ್ಷ 1888 ಅಂತಲೇ ಲೆಕ್ಕ ಹಾಕುತ್ತಾರೆ. ತಮ್ಮ ಮುಂಬೈಯಲ್ಲಿ ವಿಲಾಯಿತಿ ಸೈಕಲ್ ಕೊಂಡು ಕಳಿಸೋದು, ಅಣ್ಣ ಬೆಳಗಾವಿಯಲ್ಲಿ ಮಾರೋದು. ಸೈಕಲ್ ಅಂದರೆ ಆಗ ಶ್ರೀಮಂತರ ವಸ್ತು, ಈಗ ನಮ್ಮಲ್ಲಿ ಸೂಪರ್‌ಬೈಕ್ ಇದ್ದ ಹಾಗೆ. ಕೊಂಡವರಿಗೆ ಹೊಡೆಯೋಕೆ ಬರಬೇಕಲ್ಲ, ಅದನ್ನೂ ರಾಮುಅಣ್ಣನೇ ಕಲಿಸುತ್ತಿದ್ದರು, ಅದಕ್ಕೆ ಬೇರೆ ಫೀಸು.

ಇದು ನನಗೆ ತುಂಬ ಇಷ್ಟವಾದ ಭಾಗ. ಯಾಕಂದರೆ ಇಂಟರ್‌ನೆಟ್‌ನಲ್ಲಿ ಇವರ ಬಗ್ಗೆ ಇರುವ ವಿಡಿಯೋಗಳಲ್ಲೆಲ್ಲ ಅವಮಾನ ಆಯಿತು, ನೌಕರಿ ಎಸೆದರು, ಕಾರ್ಖಾನೆ ಕಟ್ಟಿದರು ಅಂತ ಮೂರು ನಿಮಿಷದಲ್ಲಿ ಸಿನಿಮಾ ಥರ ತೋರಿಸುತ್ತಾರೆ. ಅವಮಾನ ಆಗಿದ್ದು ನಿಜ. ಅವರಿಗೆ ಸಿಗಬೇಕಾದ ಬಡ್ತಿಯನ್ನು ಒಬ್ಬ ಆಂಗ್ಲೋ ಇಂಡಿಯನ್‌ಗೆ ಕೊಟ್ಟರು. ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ಆದರೆ ಬರುವಾಗ ಅಲ್ಲಿ ಅಂಗಡಿ ಆಗಲೇ ನಡೀತಿತ್ತು, ಅಣ್ಣ ಗಲ್ಲಾದಲ್ಲಿ ಕೂತಿದ್ದರು. ಸಿಟ್ಟಿನಿಂದ ತಗೊಂಡ ನಿರ್ಧಾರಕ್ಕೆ ಹಿಂದಿನಿಂದಲೇ ನೆಲ ಹದ ಮಾಡಿ ಇಟ್ಟಿದ್ದರು. ಸಿಟ್ಟು ಒಂದು ದಿನದ್ದು, ಅಂಗಡಿ ವರ್ಷಗಳದ್ದು.

ಬೆಳಗಾವಿಗೆ ಬಂದ ಮೇಲೆ ಮಾರಾಟಕ್ಕಿಂತ ತಯಾರಿಕೆಯ ಕಡೆ ಮನಸ್ಸು ಹೋಯಿತು. ಬೇರೆಯವರು ಮಾಡಿದ್ದನ್ನು ತಂದು ಮಾರಿದರೆ ನಾಳೆ ಇನ್ನೊಬ್ಬ ಪಕ್ಕದಲ್ಲೇ ಅಂಗಡಿ ಹಾಕಬಹುದು. ಸುತ್ತ ನೋಡಿದರೆ ಇದ್ದದ್ದು ರೈತರು, ದನ, ಹೊಲ. ಮೊದಲು ಮಾಡಿದ್ದು ಮೇವು ಕತ್ತರಿಸುವ ಯಂತ್ರ. ಆಮೇಲೆ ಕಬ್ಬಿಣದ ನೇಗಿಲು. ಆ ನೇಗಿಲಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಇಡೀ ಕಥೆಯ ಗಂಟು ಇರೋದೇ ಅಲ್ಲಿ.

ಆಗ ನಮ್ಮ ಕಡೆ ಉಳುತ್ತಿದ್ದದ್ದು ಮರದ ನೇಗಿಲಿನಿಂದ. ಅದರ ತುದಿಗೆ ಕಬ್ಬಿಣದ ಕುಳ ಇರುತ್ತೆ ಅಷ್ಟೇ. ಅದು ನೆಲವನ್ನು ಗೀರುತ್ತೆ, ಮಣ್ಣನ್ನು ಮಗುಚಿ ಹಾಕೋದಿಲ್ಲ. ಆಳಕ್ಕೆ ಬೇರು ಬಿಟ್ಟ ಗರಿಕೆ ಹಾಗೇ ಉಳಿಯುತ್ತೆ. ವಿಲಾಯಿತಿ ಮಾದರಿಯ ಕಬ್ಬಿಣದ ನೇಗಿಲಿನಲ್ಲಿ ಕುಳದ ಹಿಂದೆ ತಿರುಚಿದ ರೆಕ್ಕೆಯಂಥ ಒಂದು ತಗಡು ಇರುತ್ತೆ. ಕುಳ ಕತ್ತರಿಸಿದ ಮಣ್ಣಿನ ಪದರ ಆ ರೆಕ್ಕೆಯ ಮೇಲೆ ಜಾರಿ ತಲೆಕೆಳಗಾಗಿ ಬೀಳುತ್ತೆ. ಕಳೆ ಅಡಿಗೆ ಹೋಗುತ್ತೆ, ಕೆಳಗಿನ ಮಣ್ಣು ಮೇಲೆ ಬರುತ್ತೆ. ಎರೆ ಭೂಮಿಗೆ, ಕಬ್ಬು ಬೆಳೆಯೋ ಹೊಲಕ್ಕೆ ಇದು ದೊಡ್ಡ ಲಾಭ. ಪೇಪರ್ ಮೇಲೆ ನೋಡಿದರೆ ಯಾವ ರೈತನೂ ಬೇಡ ಅನ್ನಬಾರದು.

ಎಲ್ಲರೂ ಬೇಡ ಅಂದರು. ಲಕ್ಷ್ಮಣರಾಯರು ನೇಗಿಲುಗಳನ್ನು ಮಾಡಿ ಇಟ್ಟುಕೊಂಡು ಕೂತರು, ಎರಡು ವರ್ಷ ಸರಿಯಾಗಿ ಒಂದೂ ಹೋಗಲಿಲ್ಲ. ಕಬ್ಬಿಣ ಹೊಲಕ್ಕೆ ಇಳಿದರೆ ಭೂಮಿಗೆ ವಿಷ ಏರುತ್ತೆ, ಬೆಳೆ ಬರೋದಿಲ್ಲ ಅನ್ನುವ ನಂಬಿಕೆ ರೈತರಲ್ಲಿತ್ತು. ಕಿರ್ಲೋಸ್ಕರರ ಬಗ್ಗೆ ಎಲ್ಲಿ ಓದಿದರೂ ಈ ಮಾತು ಬರುತ್ತೆ, ಓದುವವರು ಪಾಪ ಮೂಢನಂಬಿಕೆ ಅಂತ ನಗುತ್ತಾರೆ. ನನಗೆ ಅದು ಅಷ್ಟು ಸರಿ ಕಾಣಲಿಲ್ಲ.

ರಜೆಯಲ್ಲಿ ನಮ್ಮ ಅಜ್ಜನ ಹತ್ತಿರ ಇದನ್ನು ಹೇಳಿದೆ. ಅಜ್ಜ ರೈತರು. ಅವರು ವಿಷದ ಮಾತು ಬಿಟ್ಟು ಬೇರೆಯದೇ ವಿಚಾರಿಸಿದರು. ಆ ನೇಗಿಲು ಎಳೆಯೋಕೆ ಎಷ್ಟು ಜೋಡಿ ಎತ್ತು ಬೇಕು, ಅದು ಮುರಿದರೆ ಯಾರು ರಿಪೇರಿ ಮಾಡಬೇಕು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಮರದ ನೇಗಿಲು ಮುರಿದರೆ ಊರಿನ ಬಡಿಗ, ಕಮ್ಮಾರ ಸರಿ ಮಾಡುತ್ತಿದ್ದರು. ಅವರಿಗೆ ದುಡ್ಡು ಕೊಡಬೇಕಿರಲಿಲ್ಲ, ಸುಗ್ಗಿಯಲ್ಲಿ ಆಯದ ಲೆಕ್ಕದಲ್ಲಿ ಕಾಳು ಕೊಟ್ಟರೆ ಮುಗಿಯಿತು. ಕಬ್ಬಿಣದ್ದಕ್ಕೆ ಕೈಯಿಂದ ರೊಕ್ಕ ಕೊಡಬೇಕು, ಕುಳ ಸವೆದರೆ ಬೆಳಗಾವಿಯಿಂದಲೇ ತರಿಸಬೇಕು. ಆಳ ಉಳಬೇಕು ಅಂದರೆ ಒಂದು ಜೋಡಿ ಎತ್ತು ಸಾಲದು. ಆ ರೈತನೂ ಒಬ್ಬ ಚಿಕ್ಕ ವ್ಯಾಪಾರಸ್ಥನೇ ಅಲ್ವಾ? ಅವನ ಬಂಡವಾಳ ನಾಲ್ಕು ಎಕರೆ, ಒಂದು ಜೋಡಿ ಎತ್ತು. ಹೊಸ ನೇಗಿಲು ಕೈ ಕೊಟ್ಟರೆ ಒಂದು ವರ್ಷದ ಊಟ ಹೋಗುತ್ತೆ. ಪಕ್ಕದವನ ಹೊಲದಲ್ಲಿ ಮೊದಲು ನೋಡೋಣ ಅಂತ ಅವನು ಕಾದರೆ ಅದರಲ್ಲಿ ದಡ್ಡತನ ಏನಿದೆ?

ಹಾಗಾಗಿ ಅಲ್ಲಿ ಎರಡು ನಿರ್ಧಾರ ಎದುರು ಬದುರು ನಿಂತಿದ್ದವು. ರೈತ ಕಾಯೋದು ಅಂತ ತೀರ್ಮಾನಿಸಿದ್ದ. ಲಕ್ಷ್ಮಣರಾಯರೂ ಕಾಯೋದು ಅಂತಲೇ ತೀರ್ಮಾನಿಸಿದ್ದರು. ಯಾರು ಜಾಸ್ತಿ ದಿನ ಕಾಯಬಲ್ಲರು ಅನ್ನೋದೇ ಪ್ರಶ್ನೆ.

ಇಲ್ಲಿ ನನ್ನ ಅಭಿಪ್ರಾಯ ಒಂದು ಹೇಳಿಬಿಡುತ್ತೇನೆ. ಮಾಡುವ ಮೊದಲು ಕೇಳಬೇಕಿತ್ತು. ಎರಡು ಮೂರು ನೇಗಿಲು ಮಾಡಿ, ಯಾರದೋ ಹೊಲದಲ್ಲಿ ಬಿಟ್ಟಿ ಉತ್ತು ತೋರಿಸಿ, ಆಮೇಲೆ ಉಳಿದವನ್ನು ಎರಕ ಹೊಯ್ಯಬೇಕಿತ್ತು. ಸೈಕಲ್ ವಿಷಯದಲ್ಲಿ ಅಷ್ಟು ಹುಷಾರಾಗಿದ್ದವರು ನೇಗಿಲಿನಲ್ಲಿ ಯಂತ್ರದ ಮೇಲಿನ ಪ್ರೀತಿಯಿಂದ ಮುಂದೆ ಹೋದರು ಅನ್ನಿಸುತ್ತೆ. ಅವರ ಅಂದಾಜಿನಲ್ಲಿ ನೇಗಿಲು ಒಳ್ಳೆಯದು ಅನ್ನೋದು ಸರಿ, ಎಷ್ಟು ದಿನದಲ್ಲಿ ಜನ ಒಪ್ಪುತ್ತಾರೆ ಅನ್ನೋದು ಪೂರಾ ತಪ್ಪು. ಚಿಕ್ಕ ಅಂಗಡಿಗೆ ಎರಡನೇ ತಪ್ಪೇ ಸಾಕು ಬಾಗಿಲು ಹಾಕೋಕೆ. ಬಾಗಿಲು ಹಾಕದೇ ಉಳಿದದ್ದು ಮೇವಿನ ಯಂತ್ರ ಇದ್ದದ್ದರಿಂದ, ಖರ್ಚು ನೋಡಿಕೊಳ್ಳೋಕೆ ರಾಮುಅಣ್ಣ ಇದ್ದದ್ದರಿಂದ. ಮನೆಯೂ ವರ್ಕ್‌ಶಾಪೂ ಒಂದೇ ಸಂಸಾರದ ಥರ ನಡೆಯುತ್ತಿತ್ತು. ಪ್ರತಿ ತಿಂಗಳು ಬಾಡಿಗೆ, ಬಡ್ಡಿ, ಸಂಬಳ ಅಂತ ದೊಡ್ಡ ಹೊರೆ ಇದ್ದಿದ್ದರೆ ಎರಡು ವರ್ಷ ಎಲ್ಲಿಂದ ಬರುತ್ತಿತ್ತು?

ಇನ್ನೊಂದು ಮಾತು. ಹೀಗೆ ಎರಡು ವರ್ಷ ಹಟ ಹಿಡಿದು ಕೂತು, ಕೊನೆಗೆ ಸರಕನ್ನು ಗುಜರಿಗೆ ಹಾಕಿದವರೂ ಎಷ್ಟೋ ಜನ ಇರಬೇಕು. ಅವರ ಜೀವನಚರಿತ್ರೆಯನ್ನು ಯಾರೂ ಬರೆಯೋದಿಲ್ಲ. ಹಟ ಮಾಡಿದ್ದಕ್ಕೇ ಗೆದ್ದರು ಅಂತ ಹೇಳೋದು ಸುಲಭ. ಹಟ ಮಾಡಿಯೂ ಸೋತವರ ಲೆಕ್ಕ ನಮ್ಮ ಹತ್ತಿರ ಇಲ್ಲ. ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಸ್ಯಾಂಪಲ್ ಬಗ್ಗೆ ಹೇಳಿದ್ದು ಬಹುಶಃ ಇದೇ.

ಅಂತೂ ನಿಧಾನವಾಗಿ ನೇಗಿಲು ಹೋಗತೊಡಗಿತು. ಒಬ್ಬರ ಹೊಲ ನೋಡಿ ಇನ್ನೊಬ್ಬರು ಬಂದರು. ಕೆಲಸ ಒಂದು ದಾರಿಗೆ ಬಂತು ಅನ್ನುವಾಗ ಬೆಳಗಾವಿಯ ಮುನಿಸಿಪಾಲಿಟಿ ಊರು ವಿಸ್ತರಿಸಬೇಕು, ಜಾಗ ಖಾಲಿ ಮಾಡಿ ಅಂದಿತು. ಕುಲುಮೆ, ಯಂತ್ರ, ಅಚ್ಚು, ಕೆಲಸಗಾರರು, ಎಲ್ಲವನ್ನೂ ಎತ್ತಿಕೊಂಡು ಎಲ್ಲಿಗೆ ಹೋಗೋದು?

ಈ ಹೊತ್ತಿನಲ್ಲಿ ಬಂದವರು ಔಂಧ್ ಸಂಸ್ಥಾನದ ರಾಜ, ಬಾಳಾಸಾಹೇಬ್ ಪಂತ ಪ್ರತಿನಿಧಿ. ಔಂಧ್ ಒಂದು ಪುಟ್ಟ ಸಂಸ್ಥಾನ, ಅದೂ ಅಲ್ಲೊಂದು ಇಲ್ಲೊಂದು ತುಂಡಾಗಿ ಹರಡಿಕೊಂಡದ್ದು. ರಾಜರು ಸ್ವತಃ ಚಿತ್ರಕಾರರು, ಸೂರ್ಯನಮಸ್ಕಾರವನ್ನು ಊರೂರಿಗೆ ಪ್ರಚಾರ ಮಾಡಿದವರು. ಲಕ್ಷ್ಮಣರಾಯರಿಗೆ ಔಂಧ್‌ನಲ್ಲಿ ಮೊದಲು ಒಂದು ಕಟ್ಟಡದ ಕೆಲಸ ಕೊಟ್ಟರು. ಅವರ ಕೆಲಸ ನೋಡಿ, ಕಷ್ಟ ತಿಳಿದು, ಕುಂಡಲ್ ರೋಡ್ ರೈಲ್ವೆ ಸ್ಟೇಷನ್ ಹತ್ತಿರ 32 ಎಕರೆ ಜಾಗವನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು.

ಜಾಗ ಅಂದರೆ ಎಂಥದ್ದು! ಪಾಪಾಸುಕಳ್ಳಿ, ಕಲ್ಲು, ನಾಗರಹಾವು. ನೆರಳಿಗೆ ನಿಲ್ಲೋಕೆ ಮರ ಇಲ್ಲ. ನೋಡಿದವರು ಯಾರಾದರೂ ಇಲ್ಲಿ ಕಾರ್ಖಾನೆಯಾ ಅಂತ ನಗುತ್ತಿದ್ದರೇನೋ. ಲಕ್ಷ್ಮಣರಾಯರಿಗೆ ಕಂಡದ್ದು ಸ್ಟೇಷನ್. ಪುಣೆ, ಮಿರಜ್, ಬೆಳಗಾವಿಯ ಮೀಟರ್‌ಗೇಜ್ ರೈಲು ಅಲ್ಲೇ ನಿಲ್ಲುತ್ತಿತ್ತು. ಎರಕದ ಕೆಲಸಕ್ಕೆ ಬೇಕಾದ ಬೀಡುಕಬ್ಬಿಣ, ಕೋಕ್ ಎರಡೂ ದೂರದಿಂದ ಬರಬೇಕು, ಎರಡೂ ಭಾರ. ತಯಾರಾದ ನೇಗಿಲೂ ಭಾರ. ಎತ್ತಿನ ಗಾಡಿಯಲ್ಲಿ ಹತ್ತು ಮೈಲಿ ಹೊತ್ತರೆ ಲಾಭವೆಲ್ಲ ಗಾಡಿಯವನಿಗೆ. ಕಳ್ಳಿ ಕಡಿಯಬಹುದು, ಹಾವು ಓಡಿಸಬಹುದು, ರೈಲು ಹಳಿಯನ್ನು ನಾವು ಹಾಕೋಕೆ ಆಗೋದಿಲ್ಲ. ಯಾವ ಕೊರತೆಯನ್ನು ನಾವೇ ತುಂಬಿಕೊಳ್ಳಬಹುದು, ಯಾವುದನ್ನು ಸಾಧ್ಯವಿಲ್ಲ ಅಂತ ಬೇರೆ ಬೇರೆ ಮಾಡಿ ನೋಡಿದ್ದು ನನಗೆ ಅವರ ಎಲ್ಲ ತೀರ್ಮಾನಗಳಲ್ಲಿ ಅತಿ ಚೆನ್ನಾಗಿ ಕಂಡದ್ದು.

1910ರ ಮಾರ್ಚ್ 10ರಂದು ಅಲ್ಲಿ ಕೆಲಸ ಶುರುವಾಯಿತು. ಸುಮಾರು 25 ಕೆಲಸಗಾರರು ಮತ್ತು ಅವರ ಸಂಸಾರಗಳು. ಆ ಬಯಲಿಗೆ ಕಿರ್ಲೋಸ್ಕರವಾಡಿ ಅಂತ ಹೆಸರು ಬಂತು, ಈಗ ಸ್ಟೇಷನ್ನಿಗೂ ಅದೇ ಹೆಸರು, ಸಾಂಗ್ಲಿ ಜಿಲ್ಲೆಯಲ್ಲಿದೆ. ಮನೆ, ನೀರು, ಶಾಲೆ ಎಲ್ಲ ಒಂದೊಂದಾಗಿ ಕಟ್ಟಬೇಕಿತ್ತು. ಲಕ್ಷ್ಮಣರಾಯರ ಹೆಂಡತಿ ರಾಧಾಬಾಯಿಯವರ ಬಗ್ಗೆ ಪುಸ್ತಕಗಳಲ್ಲಿ ಎರಡೇ ಸಾಲು ಇರುತ್ತೆ. ಆದರೆ ಬೆಳಗಾವಿಯ ಮನೆ ಬಿಟ್ಟು ಹಾವಿನ ಬಯಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕಾದವರು ಅವರು. ಆ ನಿರ್ಧಾರ ಅವರದ್ದೂ ಅಂತ ನಾನು ಲೆಕ್ಕ ಹಾಕುತ್ತೇನೆ. ಸಿಎನ್‌ಸಿ ವಿಷಯದಲ್ಲಿ ನಮ್ಮಮ್ಮನ ಬಂಗಾರದ ಮಾತು ಬಂದಾಗಿಂದ ನನಗೆ ಹೀಗೆ ಅನ್ನಿಸೋಕೆ ಶುರುವಾಗಿದೆ.

ಜನರನ್ನು ಆರಿಸುವುದರಲ್ಲಿ ಲಕ್ಷ್ಮಣರಾಯರ ರೀತಿ ವಿಚಿತ್ರ. ಊರಿಗೆ ರಾತ್ರಿ ಕಾವಲು ಬೇಕಿತ್ತು. ಜೈಲಿಗೆ ಹೋಗಿ ಬಂದವರನ್ನು ಕಾವಲುಗಾರರನ್ನಾಗಿ ಇಟ್ಟುಕೊಂಡರು. ಅವಕಾಶ ಕೊಟ್ಟರೆ ಮನುಷ್ಯ ಬದಲಾಗುತ್ತಾನೆ ಅನ್ನುವ ನಂಬಿಕೆ ಅವರದ್ದು. ವಾಡಿಯೊಳಗೆ ಅಸ್ಪೃಶ್ಯತೆ ನಡೆಯಕೂಡದು ಅಂತ ನಿಯಮ ಮಾಡಿದರು. 1910ರ ಸುಮಾರಿನ ಒಂದು ಬ್ರಾಹ್ಮಣ ಮನೆತನದ ಯಜಮಾನರು ಇದನ್ನು ಮಾಡೋದು ಅಂದರೆ ಸ್ವಂತ ಬಳಗದಲ್ಲೇ ಎಷ್ಟು ಮಾತು ಕೇಳಬೇಕಾಗಿರಬಹುದು ಯೋಚಿಸಿ. ಕೆಲಸ ಬಲ್ಲವನು ಬೇಕು, ಓದಿದವನೇ ಬೇಕು ಅಂತಿಲ್ಲ ಅನ್ನೋದು ಇನ್ನೊಂದು ನೀತಿ. ತಾವೇ ಡಿಗ್ರಿ ಇಲ್ಲದೆ ಕಲಿತವರಲ್ಲವೇ. (ಇದನ್ನು ನಮ್ಮ ಪ್ಲೇಸ್‌ಮೆಂಟ್‌ಗೆ ಬರುವ ಕಂಪನಿಗಳಿಗೆ ಯಾರಾದರೂ ಹೇಳಿದರೆ ಚೆನ್ನಾಗಿತ್ತು. ನನ್ನ ಸಿಜಿಪಿಎ ಬಗ್ಗೆ ಇಲ್ಲಿ ಮಾತು ಬೇಡ.)

ನಾಲ್ಕು ವರ್ಷಕ್ಕೆ ಮೊದಲನೇ ಮಹಾಯುದ್ಧ ಬಂತು. ವಿಲಾಯಿತಿ ನೇಗಿಲು ಬರೋದು ನಿಂತು ದೇಶದ ನೇಗಿಲಿಗೆ ಬೇಡಿಕೆ ಏರಿತು. ಆದರೆ ಬೀಡುಕಬ್ಬಿಣವೂ ಕೋಕೂ ಸಿಗದ ಹಾಗಾಯಿತು. ಗಿರಾಕಿ ಬಾಗಿಲಲ್ಲಿ, ಒಳಗೆ ಸಾಮಾನಿಲ್ಲ. ಮೊದಲು ಸಾಮಾನು ಇತ್ತು ಗಿರಾಕಿ ಇರಲಿಲ್ಲ, ಈಗ ಉಲ್ಟಾ. ಹಳೇ ಕಬ್ಬಿಣ ಎಲ್ಲಿ ಸಿಕ್ಕರೂ ತಂದರು. ಕೊಲ್ಲಾಪುರದ ಶಾಹು ಮಹಾರಾಜರು ಕೋಟೆಯ ಹಳೇ ಫಿರಂಗಿಗಳನ್ನು ಕೊಟ್ಟರು, ಅವನ್ನು ಕರಗಿಸಿ ನೇಗಿಲು ಮಾಡಿದರು. ಯುದ್ಧದ ಕಾಲದಲ್ಲಿ ಎಲ್ಲ ದೇಶದಲ್ಲೂ ಕಬ್ಬಿಣ ಕರಗಿಸಿ ಫಿರಂಗಿ ಮಾಡ್ತಿದ್ದರೆ ಇಲ್ಲಿ ಫಿರಂಗಿ ಕರಗಿಸಿ ಕುಳ. ಇದನ್ನು ಓದಿದಾಗ ನಾನು ಹಾಸ್ಟೆಲ್ ರೂಮಿನಲ್ಲಿ ಎದ್ದು ನಿಂತು ರೂಮ್‌ಮೇಟ್‌ಗೆ ಹೇಳಿದೆ. ಅವನು ನಾಳೆ ಇಂಟರ್ನಲ್ಸ್ ಇದೆ ಮಲಗು ಅಂದ.

ನೇಗಿಲು ಒಂದನ್ನೇ ನಂಬಿ ಕೂರಲಿಲ್ಲ ಅನ್ನೋದನ್ನೂ ಹೇಳಬೇಕು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಕೈಪಂಪು ಅಂತ ಒಂದೊಂದಾಗಿ ಸೇರಿಸಿದರು. ಗಮನಿಸಿ, ಎಲ್ಲವನ್ನೂ ಕೊಳ್ಳುವವನು ಅದೇ ರೈತ. ಎರಡು ವರ್ಷ ಕಾದು ಸಂಪಾದಿಸಿದ್ದು ಆ ರೈತನ ನಂಬಿಕೆ, ಆಮೇಲೆ ಅವನಿಗೆ ಬೇಕಾದ್ದನ್ನೆಲ್ಲ ಮಾಡಿದರು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಅಣ್ಣನ ಮಗ ಶಂಕರರಾವ್ ಕಿರ್ಲೋಸ್ಕರ್ ಖಬರ್ ಅಂತ ಒಂದು ಮರಾಠಿ ಪತ್ರಿಕೆ ಶುರು ಮಾಡಿದರು. ಗಿರಾಕಿಗಳಿಗೆ, ಏಜೆಂಟರಿಗೆ ಸುದ್ದಿ ಮುಟ್ಟಿಸೋಕೆ ಹುಟ್ಟಿದ ಪತ್ರಿಕೆ ಮುಂದೆ ಕಿರ್ಲೋಸ್ಕರ್ ಅನ್ನುವ ಹೆಸರಿನಲ್ಲಿ ಮರಾಠಿ ಮನೆ ಮನೆಯ ಮಾಸಪತ್ರಿಕೆಯಾಯಿತು, ಜೊತೆಗೆ ಸ್ತ್ರೀ, ಮನೋಹರ್ ಅಂತ ಇನ್ನೆರಡು ಬಂದವು. ನೇಗಿಲು ಕಂಪನಿಗೆ ಪತ್ರಿಕೆ ಯಾಕೆ ಅಂತ ಲಕ್ಷ್ಮಣರಾಯರು ಕೇಳಬಹುದಿತ್ತು. ಅವರು ಹುಡುಗನನ್ನು ಅವನ ಪಾಡಿಗೆ ಬಿಟ್ಟರು.

ಬಿಟ್ಟುಕೊಡೋದು ಅಂದೆನಲ್ಲ, ನನ್ನ ಪ್ರಕಾರ ಅದು ಅವರ ಕೊನೆಯ ದೊಡ್ಡ ನಿರ್ಧಾರ. ಮಗ ಶಂತನುರಾವ್‌ರನ್ನು 1922ರಲ್ಲಿ ಅಮೆರಿಕದ ಎಂಐಟಿಗೆ ಕಳಿಸಿದರು. ಜೊತೆಗೆ ಹೋದ ಮನೆತನದ ಇನ್ನೊಬ್ಬ ಹುಡುಗ ಮಾಧವ ಕ್ಷಯರೋಗದಿಂದ ತೀರಿಕೊಂಡರು. ಶಂತನುರಾವ್ 1926ರಲ್ಲಿ ಓದು ಮುಗಿಸಿ ಬಂದರು. ಅಪ್ಪ ಅನುಭವದಿಂದ, ಕೈಯಿಂದ ಕಲಿತವರು. ಮಗ ಲೆಕ್ಕ, ಡ್ರಾಯಿಂಗು, ಥಿಯರಿ ಕಲಿತು ಬಂದವರು. ಇಂಥ ಮನೆಗಳಲ್ಲಿ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು, ನಾನೇ ಒಮ್ಮೆ ಅಪ್ಪನಿಗೆ ಟಾಲರೆನ್ಸ್ ಬಗ್ಗೆ ಪಾಠ ಹೇಳೋಕೆ ಹೋಗಿ ಒಂದು ದಿನ ಮಾತು ಬಿಡಿಸಿಕೊಂಡಿದ್ದೇನೆ. ಲಕ್ಷ್ಮಣರಾಯರು ಹಂತ ಹಂತವಾಗಿ ಜವಾಬ್ದಾರಿ ಮಗನ ಕೈಗೆ ಕೊಟ್ಟರು. ಪಂಪು, ಡೀಸೆಲ್ ಇಂಜಿನ್, ಲೇಥ್ ಅಂತ ಕಂಪನಿ ನೇಗಿಲಿನಿಂದ ದೂರ ಹೊರಟಿತು.

1941ರಲ್ಲಿ ಮೈಸೂರು ಸಂಸ್ಥಾನದ ಸಹಕಾರದಿಂದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ತುಂಗಭದ್ರೆಯ ದಡ, ಪಕ್ಕದಲ್ಲಿ ಮತ್ತೆ ಅದೇ ರೈಲು ಹಳಿ! ನಮ್ಮ ಲ್ಯಾಬಿನ ಲೇಥು, ನಮ್ಮಪ್ಪನ ಲೇಥು, ಎರಡೂ ಬಂದದ್ದು ಅಲ್ಲಿಂದ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಆಯಿಲ್ ಇಂಜಿನ್ಸ್. ಸೈಕಲ್ ಅಂಗಡಿಯ ಬೋರ್ಡು ಬರೆಸಿದ್ದ ಮನುಷ್ಯ ಇದನ್ನೆಲ್ಲ ಕಣ್ಣಾರೆ ನೋಡಿದರು.

ಎಲ್ಲ ಚೆನ್ನಾಗೇ ಮುಗಿಯಿತು ಅಂತಲ್ಲ. 1948ರಲ್ಲಿ ಗಾಂಧೀಜಿ ಹತ್ಯೆಯಾದ ಮೇಲೆ ಆ ಭಾಗದಲ್ಲಿ ಬ್ರಾಹ್ಮಣರ ಮನೆಗಳ ಮೇಲೆ ನಡೆದ ಗಲಭೆಯಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿ ಹಚ್ಚಿದರು. ಜಾತಿ ನೋಡಕೂಡದು ಅಂತ ನಿಯಮ ಮಾಡಿದ್ದ ಊರು, ಯಜಮಾನರ ಜಾತಿಯ ಕಾರಣಕ್ಕೆ ಸುಟ್ಟಿತು. ಲಕ್ಷ್ಮಣರಾಯರಿಗೆ ಆಗ 78 ವರ್ಷ. ಯಾವ ಲೆಕ್ಕದಲ್ಲಿ, ಯಾವ ಜಾಣತನದಲ್ಲಿ ಇದನ್ನು ಮೊದಲೇ ಊಹಿಸೋಕೆ ಆಗುತ್ತೆ? ಕಾರ್ಖಾನೆಯನ್ನು ಮತ್ತೆ ಕಟ್ಟಿದರು, ಕಟ್ಟಿದವರು ಮುಂದಿನ ತಲೆಮಾರಿನವರು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು. ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ, ಅಂಚೆ ಇಲಾಖೆ ಅವರ ಸ್ಟ್ಯಾಂಪ್ ತಂದಿತು. ಬೆಳಗಾವಿಗೆ ಹೋದರೆ ಕಿರ್ಲೋಸ್ಕರ್ ರೋಡ್ ಸಿಗುತ್ತೆ. ನಾನು ಆ ರಸ್ತೆಯಲ್ಲಿ ಎರಡು ಸಲ ಓಡಾಡಿದ್ದೇನೆ, ಹೆಸರು ಯಾಕೆ ಬಂತು ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಕೇಳಿದರು. ಫಿರಂಗಿಯ ಕಥೆಗೆ ನಕ್ಕರು. ನೇಗಿಲಿನ ಕಥೆಗೆ ನಗಲಿಲ್ಲ. ಆ ಎರಡು ವರ್ಷ ಸಾಲದ ಕಂತು ಎಷ್ಟಿತ್ತು ಅಂತ ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಿಎನ್‌ಸಿ ಇನ್ನೂ ಬಂದಿಲ್ಲ, ಲೇಥ್ ಇನ್ನೂ ಹೋಗಿಲ್ಲ. ಆದರೆ ಹೋದ ತಿಂಗಳು ಅಪ್ಪ ಐವತ್ತು ಬುಷ್‌ಗಳ ಆರ್ಡರ್ ಒಪ್ಪಿಕೊಂಡು, ಹುಬ್ಬಳ್ಳಿಯಲ್ಲಿ ಪರಿಚಯದವರ ಸಿಎನ್‌ಸಿ ಮೇಲೆ ಗಂಟೆಗೆ ಇಷ್ಟು ಅಂತ ಬಾಡಿಗೆ ಕೊಟ್ಟು ಮಾಡಿಸಿದ್ದಾರೆ. ಅದರಲ್ಲಿ ಏನು ಉಳಿಯಿತು ಅಂತ ಫೋನಿನಲ್ಲಿ ಹೇಳಲಿಲ್ಲ. ಇನ್ನೂ ನೂರು ಬುಷ್‌ಗೆ ಡ್ರಾಯಿಂಗ್ ಬೇಕು, ಭಾನುವಾರದೊಳಗೆ ಕಳಿಸು, ಡೈಮೆನ್ಷನ್ ಸರಿ ಹಾಕು ಅಂತ ಮಾತ್ರ ಹೇಳಿದರು.